ಎರಡು ಮಗ್ಗದ ಮನಿ, ಎಂಟು ಮಗ್ಗದ ತೆರಿಗಿ

ಗಿರಿಮಲ್ಲಪ್ಪ ನೇಯ್ದ ಒಂದು ಸೀರೆಯ ಸೆರಗು ಹಿಡಿದುಕೊಂಡು ಒಬ್ಬ ಹೆಣ್ಣುಮಗಳು ರಬಕವಿಯಲ್ಲಿ ಬಸ್ಸು ಹತ್ತಿದಳಂತೆ. ಬಸ್ಸು ಜಮಖಂಡಿ ದಾಟಿತು. ಮುಧೋಳ ದಾಟಿತು. ಲೋಕಾಪುರದಲ್ಲಿ ಚಹಾಕ್ಕೆ ನಿಂತಾಗ ಆಕೆ ಇಳಿದು ಹಿಂದಿರುಗಿ ನೋಡಿದರೆ, ಸೀರೆಯ ಇನ್ನೊಂದು ತುದಿ ಇನ್ನೂ ಗಿರಿಮಲ್ಲಪ್ಪನ ಮಗ್ಗದಲ್ಲೇ ಇತ್ತಂತೆ! ಅಷ್ಟು ದೂರಕ್ಕೂ ಒಂದೇ ಒಂದು ಎಳೆ ಹರಿದಿರಲಿಲ್ಲ. ಅತ್ತ ಬೀಳಗಿಯ ಮಂದಿ ರಸ್ತೆಗೆ ಬಂದು ನಿಂತಿದ್ದರಂತೆ, ಸೀರೆ ನಮ್ಮೂರಿಗೆ ಎಷ್ಟೊತ್ತಿಗೆ ಬರತೈತಿ ಅಂತ.

ಇದನ್ನು ನಂಬದವರು ರಬಕವಿಗೆ ಬಂದು ಗಿರಿಮಲ್ಲಪ್ಪನನ್ನೇ ಕೇಳಬಹುದು. ಅವನು ಆಣೆ ಮಾಡಿ ಹೇಳುತ್ತಾನೆ. ಆಣೆ ಮಾಡುವಾಗ ಇನ್ನೂ ಒಂದೆರಡು ಊರು ಸೇರಿಸುತ್ತಾನೆ.

ಬಾಯಿ ಹೀಗಿದ್ದರೂ ಗಿರಿಮಲ್ಲಪ್ಪ ಕೆಲಸಗಾರ. ಅವನ ಮನೆಯಲ್ಲಿ ಒಂದು ವಿದ್ಯುತ್ ಮಗ್ಗ ಇತ್ತು, ಒಂದು ಕೈಮಗ್ಗ ಇತ್ತು. ವಿದ್ಯುತ್ ಮಗ್ಗ ಅವನದು. ಕೈಮಗ್ಗ ಹೆಂಡತಿ ಭಾಗವ್ವನದು, ಆಕೆಯ ತವರಿನಿಂದ ಬಂದದ್ದು. ಕರೆಂಟ್ ಹೋದಾಗ ಗಂಡನ ಮಗ್ಗ ಬಾಯಿ ಮುಚ್ಚುತ್ತಿತ್ತು, ಹೆಂಡತಿಯ ಮಗ್ಗ ಮಾತ್ರ ಟಕ್ ಟಕ್ ಎನ್ನುತ್ತಲೇ ಇರುತ್ತಿತ್ತು. ತಿಂಗಳ ಕಿರಾಣಿ ಬರುತ್ತಿದ್ದದ್ದು ಆ ಟಕ್ ಟಕ್‌ನಿಂದಲೇ.

ಆ ಮಗ್ಗವನ್ನೇ ಈಗ ಮಾರುವ ಮಾತು ನಡೆದಿತ್ತು.

ಮಾಘದ ಬಿಸಿಲು ಏರುವ ಹೊತ್ತು. ಭಾಗವ್ವ ಮಗ್ಗದ ಮೇಲೆ ಕುಳಿತು ಲಾಳಿ ಓಡಿಸುತ್ತಿದ್ದಳು. ಗಿರಿಮಲ್ಲಪ್ಪ ಹೊಸ್ತಿಲ ಮೇಲೆ ಕುಳಿತು ಒಂದು ಕಾಗದವನ್ನು ದುರುಗುಟ್ಟಿ ನೋಡುತ್ತಿದ್ದ. ರಬಕವಿ-ಬನಹಟ್ಟಿ ನಗರಸಭೆಯ ಆಸ್ತಿ ತೆರಿಗೆ ಬಿಲ್ಲು. ಹನ್ನೊಂದು ಸಾವಿರದ ನಾಲ್ಕು ನೂರು.

"ಹನ್ನೊಂದು ಸಾವಿರ!" ಎಂದ. "ವಿಜಯಪುರದ ಗೋಳಗುಮ್ಮಟಕ್ಕರೆ ಇಷ್ಟು ತೆರಿಗಿ ಐತೇನ? ಬೇಕಂತ ಹಾಕ್ಯಾರ ನನಗ. ನನ್ನ ಹೆಸರು ಕೇಳಿದ ಕೂಡಲೇ ಆ ಸಾಹೇಬ ಒಂದು ಸೊನ್ನಿ ಜಾಸ್ತಿ ಬರದಾನ."

"ನಿಮ್ಮ ಹೆಸರು ಸಾಹೇಬ್ರಿಗೆ ಹೆಂಗ ಗೊತ್ತ್ರಿ?"

"ನನ್ನ ಹೆಸರು ದಿಲ್ಲಿ ತನಕ ಗೊತ್ತೈತಿ."

"ಹಂಗಾರ ದಿಲ್ಲಿಯವ್ರೇ ತುಂಬಲಿ" ಎಂದಳು ಭಾಗವ್ವ. ಆದರೆ ಲಾಳಿ ನಿಂತಿತ್ತು. "ಸೋಮವಾರ ತೇರದಾಳದ ಗಿರಾಕಿ ಬರತಾನ. ಹನ್ನೆರಡು ಸಾವಿರಕ್ಕ ಮಗ್ಗ ಒಯ್ಯತೇನಿ ಅಂದಾನ. ಬ್ಯಾರೆ ದಾರಿ ಇದ್ದರ ಈಗ ಹೇಳ್ರಿ. ನಮ್ಮವ್ವ ಕೂತ ಮಗ್ಗ ಇದು."

ಗಿರಿಮಲ್ಲಪ್ಪ ಬಿಲ್ಲನ್ನು ತಿರುಗಿಸಿ ಹಿಂದಿನ ಮಗ್ಗುಲೂ ನೋಡಿದ.

ಅಷ್ಟೊತ್ತಿಗೆ ಶೇವಂತಿ ಬಂದಳು. ಶೇವಂತಿ ಅಂದರೆ ಆ ಓಣಿಯ ಮಹಿಳಾ ಸಂಘದ ಅಧ್ಯಕ್ಷೆ. ಓದಿದ್ದು ಹತ್ತನೆಯ ಇಯತ್ತೆ, ತಿಳಿದದ್ದು ಹದಿನಾರು ಇಯತ್ತೆಯಷ್ಟು. ನಗರಸಭೆಯ ಒಂದು ಸಭೆಯನ್ನೂ ಆಕೆ ಬಿಟ್ಟಿಲ್ಲ. ಆಕೆ ಪ್ರಶ್ನೆ ಕೇಳಲು ಎದ್ದರೆ ಫ್ಯಾನು ಕೂಡ ತಿರುಗುವುದು ಬಿಟ್ಟು ಕೇಳುತ್ತದೆ ಅಂತ ಗಿರಿಮಲ್ಲಪ್ಪನೇ ಪೇಟೆಯಲ್ಲಿ ಹೇಳಿಕೊಂಡು ತಿರುಗುತ್ತಿದ್ದ.

"ಕಾಕಾ, ಶನಿವಾರ ಸಭಾ ಐತ್ರಿ" ಎಂದಳು ಶೇವಂತಿ. "ಬರೋ ವರ್ಷದ ತೆರಿಗಿ ದರ ಠರಾವು ಮಾಡಬೇಕಾಗೇತಿ. ನೋಟೀಸ್ ಬೋರ್ಡಿಗೆ ಹಚ್ಚ್ಯಾರ. ತಕರಾರು ಇದ್ದವರು ಬರದು ಕೊಡಬಹುದು."

"ತಕರಾರು? ನಂದು ಒಂದು ಎತ್ತಿನ ಗಾಡಿ ತುಂಬ ಐತಿ! ಸಾಹೇಬ ಮುಂಜಾನೆ ಎದ್ದು, ಬಲಗಣ್ಣು ಹಾರಿದರ ಇಷ್ಟು, ಎಡಗಣ್ಣು ಹಾರಿದರ ಇಷ್ಟು ಅಂತ ದರ ಹಾಕಿದರ ನಾವು ಸುಮ್ಮನ ಕೂಡೂದೇನ?"

ಶೇವಂತಿ ನಕ್ಕಳು. ಭಾಗವ್ವ ಕೊಟ್ಟ ನೀರು ಕುಡಿದು ಕಟ್ಟೆಯ ಮೇಲೆ ಕುಳಿತಳು.

"ಕಾಕಾ, ನೀವು ಸೀರಿ ರೇಟ್ ಹೆಂಗ ಹೇಳತೀರಿ? ಕಣ್ಣು ಹಾರಿದಂಗ ಹೇಳತೀರೇನು?"

"ಹಾಂ! ಹುಚ್ಚಿ! ನೂಲಿಗೆ ಎಷ್ಟು ಹೋತು, ಬಣ್ಣಕ್ಕ ಎಷ್ಟು, ಕರೆಂಟಿಗೆ ಎಷ್ಟು, ಕೂಲಿ ಎಷ್ಟು, ಎಲ್ಲಾ ಕೂಡಿಸಿ ಹೇಳತೇನಿ."

"ನಗರಸಭೆಯವ್ರೂ ಹಂಗ. ಮೊದಲ ಖರ್ಚು ಬರೀತಾರ. ನಳದ ನೀರು, ಗಟಾರ, ಬೀದಿ ದೀಪ, ಕಸದ ಗಾಡಿ, ಪೌರಕಾರ್ಮಿಕರ ಪಗಾರ. ಆಮ್ಯಾಲೆ ಬ್ಯಾರೆ ಕಡೆಯಿಂದ ಏನು ಬರತೈತಿ ಅದನ್ನ ಬರೀತಾರ. ಸರಕಾರದ ಅನುದಾನ, ಮಳಿಗಿ ಬಾಡಗಿ, ಲೈಸನ್ಸ್ ಫೀ. ಖರ್ಚಿನ್ಯಾಗ ಇದನ್ನ ಕಳೀರಿ. ಉಳಿದದ್ದು ನಮ್ಮ ಮನಿ, ಅಂಗಡಿ, ಜಾಗಾದಿಂದ ಬರಬೇಕು. ಅದ ಆಸ್ತಿ ತೆರಿಗಿ."

"ಅದು ಖರೆ. ಆದ್ರ ನನ್ನ ಮ್ಯಾಲೆ ಯಾಕ ಇಷ್ಟು ಸಿಟ್ಟು?"

"ತಡೀರಿ. ಒಂದು ಓಣಿ ತೊಗೋರಿ. ಓಣಿಯ ಬೋರ್‌ವೆಲ್ ಕೆಟ್ಟೇತಿ. ರಿಪೇರಿಗೆ ಸಾವಿರ ರೂಪಾಯಿ. ನಾಲ್ಕು ನೂರು ದಾನಿಗಳು ಕೊಟ್ಟರು. ಉಳಿದದ್ದು ಆರು ನೂರು. ಓಣಿಯಾಗ ಎಲ್ಲಾ ಮನಿ ಕೂಡಿ ಅರವತ್ತು ಮಗ್ಗ ಅದಾವು. ಮಗ್ಗಕ್ಕ ಎಷ್ಟು ಬಿತ್ತು?"

"ಹತ್ತು" ಎಂದಳು ಭಾಗವ್ವ, ಗಂಡ ಬಾಯಿ ತೆಗೆಯುವ ಮೊದಲೇ.

"ಆ ಹತ್ತಕ್ಕ ದರ ಅಂತಾರ. ದರ ಓಣಿಗೆಲ್ಲ ಒಂದ. ಆದ್ರ ಎರಡು ಮಗ್ಗದವ ಇಪ್ಪತ್ತು ಕೊಡತಾನ, ಆರು ಮಗ್ಗದವ ಅರವತ್ತು ಕೊಡತಾನ. ಯಾರ ಮ್ಯಾಲೂ ಸಿಟ್ಟಿಲ್ಲ. ಊರಾಗ ಮಗ್ಗದ ಬದಲಿ ಆಸ್ತಿ ಬೆಲಿ ಹಿಡೀತಾರ. ಜಾಗಾ ಯಾವ ರಸ್ತೆದಾಗ ಐತಿ, ಸರಕಾರದ ಮಾರ್ಗಸೂಚಿ ಬೆಲಿ ಎಷ್ಟು, ಕಟ್ಟಡ ತಗಡಿನ ಪತ್ರಾಸಿನದೋ ಸ್ಲ್ಯಾಬಿನದೋ, ಹಳೇದೋ ಹೊಸದೋ, ಒಳಗ ಸಂಸಾರ ನಡೀತೈತೋ ಕಸುಬು ನಡೀತೈತೋ, ಎಲ್ಲಾ ನೋಡತಾರ."

ಭಾಗವ್ವನಿಗೆ ಈ ಲೆಕ್ಕ ಬಹಳ ಹಿಡಿಸಿತು. "ಅಲ್ಲ ಶೇವಂತಿ, ಆರು ಮಗ್ಗದವ ನಾಲ್ಕು ಮುಚ್ಚಿಟ್ಟು, ನಂದು ಎರಡ ಅಂದರ?"

"ಆಗ ಓಣಿಯಾಗ ಐವತ್ತಾರ ಮಗ್ಗ ಆದವು. ಬೋರ್‌ವೆಲ್ ಖರ್ಚು ಅಷ್ಟ ಐತಿ. ಮಗ್ಗಕ್ಕ ಹತ್ತು ಇದ್ದದ್ದು ಹನ್ನೊಂದರ ಹತ್ತಿರ ಹೋತು. ಆತ ಮುಚ್ಚಿಟ್ಟದ್ದು ಉಳಿದವರ ತಲಿ ಮ್ಯಾಲೆ ಬಿತ್ತು."

"ಹ್ಞೂಂ. ಮತ್ತ ಎರಡು ಮಗ್ಗ ಇದ್ದಾತ ಎಂಟು ಐತಿ ಅಂದರ?"

ಶೇವಂತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಂಥ ಹುಚ್ಚ ಯಾರದಾನ ಚಿಗವ್ವಾ! ಎಂಬತ್ತು ರೂಪಾಯಿ ತುಂಬಿ ಸಾಯತಾನ."

ಗಿರಿಮಲ್ಲಪ್ಪನಿಗೆ ಕೆಮ್ಮು ಬಂತು. ಎಂಥ ಕೆಮ್ಮು ಅಂದರೆ, ಕೃಷ್ಣಾ ನದಿಯ ಆಚೆ ದಂಡೆಯ ಎಮ್ಮೆಗಳು ತಲೆ ಎತ್ತಿ ನೋಡಿದವು.

"ಬಿಲ್ ಕೊಡ್ರಿ ಕಾಕಾ, ಅದರಾಗ ಅಳತಿ ಏನು ಹಿಡಿದಾರ ನೋಡೂಣು" ಎಂದು ಶೇವಂತಿ ಕೈ ಚಾಚಿದಳು.

ಗಿರಿಮಲ್ಲಪ್ಪ ಬಿಲ್ಲನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಗೆ ತುರುಕಿದ. "ಸಭಾದಾಗ ತೋರಸತೇನಿ. ಎಲ್ಲಾರ ಮುಂದ. ಸಾಹೇಬ್ರಿಗೆ ನೀರು ಕುಡಸತೇನಿ ನೋಡು" ಎಂದು ಎದ್ದು ಪೇಟೆಯ ಕಡೆ ನಡೆದ.

ದಾರಿಯಲ್ಲಿ ಅವನ ಕಿಸೆಯೊಳಗೆ ಆ ಕಾಗದ ಕೆಂಡದ ಹಾಗೆ ಸುಡುತ್ತಿತ್ತು. ಯಾಕೆ ಅಂದರೆ, ಹೋದ ಏಪ್ರಿಲ್ ತಿಂಗಳ ಒಂದು ಸಂಗತಿ ಅವನಿಗೆ ನೆನಪಾಗಿತ್ತು.

ಗಿರಿಮಲ್ಲಪ್ಪ ಮನೆಯ ಹಿಂದೆ ನೂಲು ಇಡಲು ಒಂದು ಸಣ್ಣ ಕೋಣೆ ಕಟ್ಟಿಸಿದ್ದ. ಹೊಸದಾಗಿ ಕಟ್ಟಿದರೆ ಮನೆಯ ಅಳತೆಯನ್ನು ಮಾಲಕನೇ ಬರೆದು ಘೋಷಣೆ ಮಾಡಬೇಕು. ಅದಕ್ಕೊಂದು ನಮೂನೆ ಇರುತ್ತದೆ. ಆ ನಮೂನೆಯನ್ನು ಮನೆಯಲ್ಲಿ ಕುಳಿತು ತುಂಬಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವನು ಹೋಗಿ ಕುಳಿತದ್ದು ಸೀರೆ ಪೇಟೆಯ ಚಹಾದಂಗಡಿಯಲ್ಲಿ. ಎದುರಿನ ಬಾಕಿನ ಮೇಲೆ ಬನಹಟ್ಟಿಯ ಅಣ್ಣಾಸಾಹೇಬ ಕುಳಿತು ತನ್ನ ನಮೂನೆ ತುಂಬುತ್ತಿದ್ದ.

ಅಣ್ಣಾಸಾಹೇಬನದು ಆರು ಮಗ್ಗದ ಶೆಡ್ಡು. ಇಪ್ಪತ್ತು ವರ್ಷದಿಂದ ಇಬ್ಬರಿಗೂ ಸೀರೆ ಪೇಟೆಯಲ್ಲಿ ಪೈಪೋಟಿ. ಅವನ ಮುಂದೆ ಗಿರಿಮಲ್ಲಪ್ಪ "ನಂದು ಎಂಟು ಮಗ್ಗ" ಅಂತ ಯಾವ ಕಾಲದಲ್ಲೋ ಹೇಳಿಬಿಟ್ಟಿದ್ದ. ಆ ಮಾತು ಸುಳ್ಳಾಗಬಾರದು ಅಂತ, ಪೇಟೆಯಿಂದ ಮನೆ ಹುಡುಕಿಕೊಂಡು ಬಂದವರನ್ನೆಲ್ಲ ಓಣಿಯ ಮೂಲೆಯಲ್ಲೇ ತಡೆದು, ಚಹಾ ಕುಡಿಸಿ, ಅಲ್ಲಿಂದಲೇ ಕಳಿಸುತ್ತಿದ್ದ. ಇಪ್ಪತ್ತು ವರ್ಷ ಹಾಗೆ ಕುಡಿಸಿದ ಚಹಾ ಕೂಡಿಸಿದರೆ ಆಲಮಟ್ಟಿ ಅಣೆಕಟ್ಟು ತುಂಬುತ್ತಿತ್ತು.

"ಏನ ಗಿರಿಮಲ್ಲಪ್ಪ, ಶೆಡ್ಡಿನ ಅಳತಿ ಎಷ್ಟು ಬರಿಯಾಕತ್ತಿ?" ಎಂದು ಅಣ್ಣಾಸಾಹೇಬ ಅಂದು ಕೇಳಿದ್ದ, ಕುತ್ತಿಗೆ ಉದ್ದ ಮಾಡಿ.

ಗಿರಿಮಲ್ಲಪ್ಪನ ಪೆನ್ನು ಹನ್ನೆರಡು ಅಡಿ ಅಂತ ಬರೆಯಲು ಹೋಗಿತ್ತು. ಅಣ್ಣಾಸಾಹೇಬನ ಕಣ್ಣು ಕಾಗದದ ಮೇಲೆ ಬಿದ್ದ ಕೂಡಲೇ ಪೆನ್ನು ತಾನೇ ಓಡಿತು. ಅಗಲ ನಲವತ್ತು ಅಡಿ. ಉದ್ದ ಅರವತ್ತು ಅಡಿ. ಪತ್ರಾಸು ಇದ್ದಲ್ಲಿ ಸ್ಲ್ಯಾಬು. ನೂಲಿನ ಕೋಣೆ ಇದ್ದಲ್ಲಿ ಪೂರ್ತಿ ಎರಡನೆಯ ಅಂತಸ್ತು. ಕೆಳಗೆ ಸಹಿ. ಎದ್ದು ಹೋಗಿ ಕೌಂಟರಿನಲ್ಲಿ ಕೊಟ್ಟೂ ಬಂದ. ಸಣ್ಣದು ಮಾಡಿ ಬರೆಯುವವರನ್ನು ಆ ಕೌಂಟರು ಬೇಕಾದಷ್ಟು ನೋಡಿತ್ತು. ತನ್ನ ಮನೆಯನ್ನು ತಾನೇ ದೊಡ್ಡದು ಮಾಡಿ ಬರೆದುಕೊಟ್ಟ ಮೊದಲನೆಯ ಗಂಡಸು ಇವನೇ.

ಆ ಕಾಗದಕ್ಕೂ ತೆರಿಗೆಗೂ ಏನು ಸಂಬಂಧ ಅಂತ ಅವನು ಅಂದುಕೊಂಡಿರಲಿಲ್ಲ. ದರ ಹಾಕುವವ ಸಾಹೇಬ, ಅವನ ಮನಸ್ಸಿಗೆ ಬಂದಷ್ಟು ಬರುತ್ತದೆ ಅಂತಲೇ ಅಂದುಕೊಂಡಿದ್ದ. ಈಗ ಶೇವಂತಿಯ ಬೋರ್‌ವೆಲ್ ಲೆಕ್ಕ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು.

ಸುಮ್ಮನೆ ಸಭೆಗೆ ಹೋಗದೆ ಇರಬಹುದಿತ್ತು. ಆದರೆ ಅಷ್ಟರಲ್ಲಿ ಅವನು ಸೀರೆ ಪೇಟೆಯಲ್ಲಿ ಸಾರಿಬಿಟ್ಟಿದ್ದ: ಶನಿವಾರ ಗಿರಿಮಲ್ಲಪ್ಪ ಮಾತಾಡತಾನ, ಸಾಹೇಬ್ರಿಗೆ ನೀರು ಕುಡಸತಾನ, ಕಿವಿ ಇದ್ದವರು ಬರ್ರಿ.

ಶನಿವಾರ ನಗರಸಭೆಯ ಸಭಾಭವನದಲ್ಲಿ ಸಾಸಿವೆ ಹಾಕಲು ಜಾಗ ಇರಲಿಲ್ಲ. ಹತ್ತು ಸಾವಿರ ಮಂದಿ ಸೇರಿದ್ದರು. ಕೆಲವರು ಗೋಡೆ ಹತ್ತಿದ್ದರು. ಮುಂದಿನ ಸಾಲಿನಲ್ಲಿ ಅಣ್ಣಾಸಾಹೇಬ. ಎಡಗಡೆ ಹೆಂಗಸರ ಸಾಲಿನಲ್ಲಿ ಶೇವಂತಿ, ಅವಳ ಪಕ್ಕದಲ್ಲಿ ಭಾಗವ್ವ.

ಪೌರಾಯುಕ್ತರು ಒಬ್ಬ ಹೆಣ್ಣುಮಗಳು. ದನಿ ಸಣ್ಣದು, ಮಾತು ಗಟ್ಟಿ. ಕರಿಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆಯುತ್ತ ಹೇಳತೊಡಗಿದರು.

"ನೋಡ್ರಿ, ದರ ನಾನೊಬ್ಬಳೇ ಹಾಕೋದಲ್ಲ. ಇಷ್ಟಕ್ಕಿಂತ ಕಡಿಮೆ ಹಾಕಬಾರದು, ಇಷ್ಟಕ್ಕಿಂತ ಹೆಚ್ಚು ಹಾಕಬಾರದು ಅಂತ ಸರಕಾರದ ಕಾಯ್ದೆ ಎರಡು ಗೆರೆ ಎಳೆದಿರತೈತಿ. ಆ ಎರಡು ಗೆರೆ ನಡುವೆ ಎಲ್ಲಿ ನಿಲ್ಲಬೇಕು ಅನ್ನೋದನ್ನ ನೀವು ಆರಿಸಿದ ಸದಸ್ಯರು ಸಭೆಯಲ್ಲಿ ಠರಾವು ಮಾಡತಾರೆ. ಅದಕ್ಕೂ ಮೊದಲು ನಿಮ್ಮನ್ನ ಕೇಳಬೇಕು. ಅದಕ್ಕೇ ಇವತ್ತು ಕರೆದದ್ದು."

ಆಮೇಲೆ ಒಂದೊಂದೇ ಖರ್ಚು ಓದಿದರು. ಯಾವ ಓಣಿಯ ಪೈಪು ಎಷ್ಟು ಹಳೆಯದು, ಯಾವ ಗಟಾರ ಎಲ್ಲಿ ಕಟ್ಟಿಕೊಳ್ಳುತ್ತದೆ, ಎಷ್ಟು ದೀಪದ ಕಂಬ. ಬರುವ ಅನುದಾನ ಓದಿದರು. ಕಳೆದರು. ಉಳಿದದ್ದನ್ನು ಇಡೀ ಊರಿನ ಆಸ್ತಿಯ ಬೆಲೆಗೆ ಹಂಚಿದರು. ಹಲಗೆಯ ಕೆಳಗೆ ಒಂದು ಸಣ್ಣ ಅಂಕಿ ಬಂದು ನಿಂತಿತು. ಮನೆಗೆ ಒಂದು, ವ್ಯಾಪಾರಕ್ಕೆ ಒಂದು, ಖಾಲಿ ಜಾಗಕ್ಕೆ ಒಂದು.

ಗಿರಿಮಲ್ಲಪ್ಪ ಬಾಯಿ ತೆರೆದು ನೋಡುತ್ತಿದ್ದ. ಅವನು ನೇಕಾರ. ಸಾವಿರ ಎಳೆ ಒಂದಕ್ಕೊಂದು ಸಿಕ್ಕಾಗದಂತೆ ಹಾಸು ಹೂಡುವುದು ಎಂಥ ಕೆಲಸ ಅಂತ ಗೊತ್ತಿದ್ದವ. ಈ ಹೆಣ್ಣುಮಗಳು ಇಡೀ ಊರನ್ನು ಒಂದು ಹಲಗೆಯ ಮೇಲೆ ಹಾಸು ಹೂಡಿ ನಿಲ್ಲಿಸಿದ್ದಳು. ಒಂದು ಎಳೆ ಕೂಡ ಸಡಿಲ ಇರಲಿಲ್ಲ. ಹೊಗಳಿಕೆಯೆಲ್ಲ ತನಗೇ ಬೇಕು ಅನ್ನುತ್ತಿದ್ದ ಅವನಿಗೆ ಮೊದಲ ಬಾರಿ ಇನ್ನೊಬ್ಬರ ಕೆಲಸಕ್ಕೆ ಭಲೇ ಅನ್ನಬೇಕು ಅನ್ನಿಸಿತು.

ಅನ್ನಲು ಆಗಲಿಲ್ಲ. ಅಣ್ಣಾಸಾಹೇಬ ಹಿಂದಿರುಗಿ, "ಏಳಪ್ಪ, ನೀರು ಕುಡಸತೇನಿ ಅಂದಿದ್ದಿ. ಸಾಹೇಬ್ರಿಗೆ ನೀರಡಿಕಿ ಆಗೇತಿ" ಎಂದ.

ಮಂದಿ ನಕ್ಕರು. ಗಿರಿಮಲ್ಲಪ್ಪ ಎದ್ದ. ಎದ್ದ ಮೇಲೆ ಬಾಯಿ ತನ್ನ ಹಳೇ ದಾರಿ ಹಿಡಿಯಿತು.

"ದರ ಊರಿಗೆಲ್ಲ ಒಂದ ಅಂತೀರಿ. ಮತ್ತ ನನ್ನ ಬಿಲ್ಲು ಹನ್ನೊಂದು ಸಾವಿರ ಯಾಕ್ರಿ? ಈ ಅಣ್ಣಾಸಾಹೇಬಂದು ಎರಡು ಸಾವಿರದ ಮ್ಯಾಲೆ ಚೂರು! ಇದು ಯಾವ ನ್ಯಾಯ?"

"ನಿಮ್ಮ ತಕರಾರು ದರದ ಮೇಲೋ, ನಿಮ್ಮ ಬಿಲ್ಲಿನ ಮೇಲೋ?" ಎಂದರು ಪೌರಾಯುಕ್ತರು. "ದರದ ಮೇಲೆ ಇದ್ದರೆ ಇಲ್ಲೇ ಚರ್ಚೆ ಮಾಡೋಣ. ಬಿಲ್ಲಿನ ಮೇಲೆ ಇದ್ದರೆ ನೀವೇ ಬರೆದುಕೊಟ್ಟ ಅಳತೆ ನೋಡಬೇಕಾಗತೈತಿ."

"ಅಳತೀನ ನೋಡ್ರಿ ಬಾಯೀರಿ!" ಎಂದು ಹೆಂಗಸರ ಸಾಲಿನಿಂದ ಭಾಗವ್ವ ಎದ್ದು ನಿಂತಳು. ಮದುವೆಯಾದಾಗಿನಿಂದ ಹತ್ತು ಮಂದಿಯ ನಡುವೆ ಆಕೆಯ ದನಿ ಕೇಳಿದವರಿಲ್ಲ. "ನಮ್ಮ ಮನಿ ಸಣ್ಣದೈತ್ರಿ. ಎಲ್ಲೋ ತಪ್ಪಾಗೇತಿ. ನಿಮ್ಮ ಮಂದಿ ಟೇಪ್ ತೊಗೊಂಡು ಬಂದು ಅಳೀಲಿ. ಸೋಮವಾರ ನನ್ನ ಮಗ್ಗ ಹೋಗತೈತ್ರಿ."

"ಆಯ್ತು. ಸೋಮವಾರ ಮುಂಜಾನೆಯೇ ಕಳಿಸತೇನಿ. ಏನಂತೀರಿ ಯಜಮಾನ್ರೇ?"

"ನಾವೂ ಬರತೇವ್ರಿ" ಎಂದ ಅಣ್ಣಾಸಾಹೇಬ ಮೀಸೆಯಲ್ಲೇ ನಗುತ್ತ. "ಎಂಟು ಮಗ್ಗ ಓಡೂದು ಕಣ್ಣಿಲೆ ನೋಡೇ ಇಲ್ಲ."

ಗಿರಿಮಲ್ಲಪ್ಪನ ಮುಂದೆ ಎರಡು ದಾರಿ ಇದ್ದವು. "ಬ್ಯಾಡ್ರಿ, ಹನ್ನೊಂದು ಸಾವಿರ ನನಗ ಯಾವ ಲೆಕ್ಕ, ತುಂಬಿ ಒಗೀತೇನಿ" ಅಂತ ಒಂದು ಮಾತು ಅಂದರೆ ಸಾಕು, ಪೇಟೆಯಲ್ಲಿ ಎಂಟು ಮಗ್ಗ ಹಾಗೇ ಓಡುತ್ತಿದ್ದವು. ಆ ಮಾತು ಅವನ ನಾಲಿಗೆಯ ತುದಿಗೆ ಬಂದು ಕುಳಿತೂ ಇತ್ತು. "ಬ್ಯಾಡ್..." ಅನ್ನುವ ತನಕ ಹೊರಗೂ ಬಂತು.

ಆಗ ಭಾಗವ್ವ ಅವನನ್ನು ನೋಡಿದಳು. ಸಿಟ್ಟಿನಿಂದ ಅಲ್ಲ. ನೂಲು ಹರಿದಾಗ ತುದಿ ಎಲ್ಲಿ ಹೋಯಿತು ಅಂತ ಹುಡುಕುವ ಹಾಗೆ ನೋಡಿದಳು.

ಗಿರಿಮಲ್ಲಪ್ಪ ಕಿಸೆಯಿಂದ ಬಿಲ್ಲು ತೆಗೆದ. ಮಡಿಕೆ ಬಿಚ್ಚಿದ.

"ತಪ್ಪು ನಿಮ್ದಲ್ರಿ ಬಾಯೀರಿ" ಎಂದ. "ನಾನ ಬರದದ್ದು. ಅರವತ್ತು ಅಡಿ ಅಂತ ಬರದೇನಿ. ಇರೂದು ಹದಿನೆಂಟು. ಅಗಲ ನಲವತ್ತು ಅಂತ ಬರದೇನಿ, ಇರೂದು ಹನ್ನೆರಡು. ಸ್ಲ್ಯಾಬ್ ಅಲ್ರಿ, ಪತ್ರಾಸ್. ಮ್ಯಾಲೆ ಅಂತಸ್ತೂ ಇಲ್ಲ, ಹಿಂದ ಒಂದು ನೂಲಿನ ಕೋಲಿ ಐತಿ. ಒಳಗ ನಾ ಹೋದರ ನನ್ನ ಹೆಂಡತಿ ಹೊರಗ ಬರಬೇಕು, ಅಷ್ಟ ಐತಿ."

"ಮತ್ತ ಎಂಟು ಮಗ್ಗ?" ಎಂದ ಅಣ್ಣಾಸಾಹೇಬ.

"ಎರಡು. ಅದರಾಗ ಛಲೋದು ಒಂದ. ಅದು ನಂದಲ್ಲ, ಆಕಿದು."

"ಯಾಕ್ರಿ ಹಾಗೆ ಬರೆದಿರಿ?" ಎಂದು ಪೌರಾಯುಕ್ತರು ಕೇಳಿದರು. ಅವರಿಗೆ ನಗು ತಡೆಯುವುದು ಕಷ್ಟವಾಗಿತ್ತು.

"ಎದುರಿಗೆ ಈತ ಕುಂತಿದ್ದನ್ರಿ."

ಆಗ ಎದ್ದ ನಗುವಿಗೆ ನಗರಸಭೆಯ ಹಂಚು ಹಾರಿ ಜಮಖಂಡಿಯಲ್ಲಿ ಬಿದ್ದವು. ಪೌರಾಯುಕ್ತರು ನಗುತ್ತಲೇ ಹೇಳಿದರು: ಅರ್ಜಿ ಕೊಡ್ರಿ, ಅಳೀತೇವಿ, ಅಳತೆ ಪ್ರಕಾರ ಬಿಲ್ಲು ತಿದ್ದುಪಡಿ ಆಗತೈತಿ. ಆದರೆ ಸುಳ್ಳು ಬರೆದದ್ದು ದೊಡ್ಡದಾಗಲಿ ಸಣ್ಣದಾಗಲಿ, ಅದು ಸುಳ್ಳೇ. ಸಣ್ಣದು ಮಾಡಿ ಬರೆದವರು ಸಿಕ್ಕರೆ ಬಾಕಿಯ ಜೊತೆ ದಂಡವೂ ಬೀಳತೈತಿ.

ಈ ಕೊನೆಯ ಮಾತಿಗೆ ಅಣ್ಣಾಸಾಹೇಬನ ಮೀಸೆಯ ನಗು ಆರಿತು. ಸಭೆ ಮುಗಿದು ಎಲ್ಲರೂ ಹೊರಟಾಗ ಅವನು ಶೇವಂತಿಯ ಹತ್ತಿರ ಬಂದು, ಆ ಕಡೆ ಈ ಕಡೆ ನೋಡಿ, ಮೆಲ್ಲಗೆ ಕೇಳಿದ: "ತಂಗಿ, ಆ ತಿದ್ದುಪಡಿ ನಮೂನಿ ಇನ್ನೊಂದು ಇದ್ದರ ಕೊಡು. ನಮ್ಮ ಮನಿಯಾಗ ಒಬ್ಬರಿಗೆ ಬೇಕಾಗೇತಿ."

"ಎಷ್ಟು ಮಗ್ಗ ಮರತಾರ್ರಿ ಅವರು?" ಎಂದಳು ಶೇವಂತಿ.

"ನಾಲ್ಕು" ಎಂದ ಅಣ್ಣಾಸಾಹೇಬ, ನೆಲ ನೋಡುತ್ತ.

ಸೋಮವಾರ ಟೇಪು ಬಂತು. ಅಳೆಯುವ ಹುಡುಗಿ ಟೇಪಿನ ಒಂದು ತುದಿಯನ್ನು ಭಾಗವ್ವನ ಕೈಗೆ ಕೊಟ್ಟಳು, ಇನ್ನೊಂದನ್ನು ತಾನು ಹಿಡಿದಳು. ಎರಡು ನಿಮಿಷದಲ್ಲಿ ಮನೆ ಮುಗಿಯಿತು. ಕೆಲವು ದಿನದ ಮೇಲೆ ತಿದ್ದಿದ ಬಿಲ್ಲು ಬಂತು. ಎಂಟು ನೂರು ಚಿಲ್ಲರೆ. ಭಾಗವ್ವ ತನ್ನ ಸಂಘದ ಉಳಿತಾಯದಿಂದ ಎಣಿಸಿ ಕೊಟ್ಟು ರಸೀದಿ ತಂದಳು. ತೇರದಾಳದ ಗಿರಾಕಿ ಆ ಸೋಮವಾರವೇ ಬಂದಿದ್ದ. ಓಣಿಯ ಮೂಲೆಯಲ್ಲಿ ಅವನನ್ನು ಯಾರೂ ತಡೆಯಲಿಲ್ಲ. ಮನೆಯ ಒಳಗೇ ಕುಳಿತು ಚಹಾ ಕುಡಿದು, ಮಗ್ಗ ಬಿಟ್ಟು, ಒಂದು ಸೀರೆ ಕೊಂಡು ಹೋದ.

ಬರುವ ವರ್ಷದ ದರವೂ ಠರಾವಾಯಿತು. ಬೇಡ ಅಂದವರ ಮಾತೂ ಬರೆದುಕೊಂಡರು, ಬೇಕು ಅಂದವರ ಮಾತೂ ಬರೆದುಕೊಂಡರು. ಏರಿದ್ದು ಸ್ವಲ್ಪ. ಯಾಕೆ ಏರಿತು ಅಂತ ಕೇಳಿದರೆ ಈಗ ಆ ಓಣಿಯ ಯಾವ ಹೆಣ್ಣುಮಗಳಾದರೂ ಹೇಳಿಯಾಳು.

ಈಗ ಗಿರಿಮಲ್ಲಪ್ಪ ಸಂಘದ ಸಭೆಗಳಿಗೆ ಹೋಗಿ ಈ ಸಂಗತಿ ತಾನೇ ಹೇಳುತ್ತಾನೆ. ಮೊನ್ನೆ ಅವನ ಮನೆಯಲ್ಲೇ ಹತ್ತು ಹನ್ನೆರಡು ಹೆಂಗಸರು ಕೂಡಿದ್ದರು. ಅವನು ಹೊಸ್ತಿಲ ಮೇಲೆ ನಿಂತು ಕೈ ಎತ್ತಿ ಹೇಳುತ್ತಿದ್ದ:

"ನಾ ಖರೆ ಹೇಳಿದ ಕೂಡಲೇ ಹತ್ತು ಸಾವಿರ ಮಂದಿ ಎದ್ದು ನಿಂತು ಚಪ್ಪಾಳಿ ಹೊಡದರು! ಮುಧೋಳದಾಗ ಮಂದಿ ಗುಡುಗು ಅಂತ ಕೊಡಿ ಬಿಚ್ಚಿದರು!"

ಕೈಮಗ್ಗ ನಿಂತಿತು.

"ರೀ" ಎಂದಳು ಭಾಗವ್ವ. "ಆ ಸಭಾದಾಗ ಕುರ್ಚಿ ಎಷ್ಟಿದ್ದವು?"

ಗಿರಿಮಲ್ಲಪ್ಪ ಎತ್ತಿದ ಕೈ ಇಳಿಸಿದ.

"ನಲವತ್ತು" ಎಂದ.

"ತುಂಬಿದ್ದವೇನು?"

"ಇಲ್ಲ. ಮೂವತ್ತೊಂದು ಮಂದಿ. ಗೋಡೀನೂ ಯಾರೂ ಹತ್ತಿರಲಿಲ್ಲ. ಹಂಚೂ ಹಾರಲಿಲ್ಲ, ಅಲ್ಲಿರೂದು ಸ್ಲ್ಯಾಬ್."

"ಚಪ್ಪಾಳಿ?"

"ಒಬ್ಬಾಕಿ ಹೊಡದಳು" ಎಂದ ಗಿರಿಮಲ್ಲಪ್ಪ. ಭಾಗವ್ವನ ಕಡೆ ನೋಡಿದ. "ಅಷ್ಟ ಸಾಕಾತು ನನಗ."

ಮಗ್ಗ ಮತ್ತೆ ಟಕ್ ಎಂದಿತು. ಗಿರಿಮಲ್ಲಪ್ಪ ಕೂತವರ ಕಡೆಗೆ ತಿರುಗಿ ಮುಂದಿನ ಮಾತು ಕೈ ಎತ್ತದೆ ಹೇಳಿದ. ಅದನ್ನು ನಿಮಗೂ ಹೇಳಿದ್ದಾನೆ ಅಂತಲೇ ತಿಳಿಯಿರಿ:

"ಯವ್ವಾರಾ, ಅಣ್ಣಾರಾ, ನಾ ಸೀರಿ ಬಗ್ಗೆ ಹೇಳಿದ್ದು ನಂಬಬ್ಯಾಡ್ರಿ. ಅದು ಲೋಕಾಪುರಕ್ಕ ಮುಟ್ಟಿಲ್ಲ, ನಮ್ಮ ಓಣಿ ಮೂಲಿಗೂ ಮುಟ್ಟಿಲ್ಲ. ಆದ್ರ ಇಷ್ಟು ಮಾತು ಖರೆ. ತೆರಿಗಿ ದರ ಒಬ್ಬ ಸಾಹೇಬ ಹಾಕೂದಲ್ಲ. ಅದು ನಿಮ್ಮೂರಿನ ಖರ್ಚಿನಿಂದ ಹುಟ್ಟತೈತಿ, ನೀವ ಆರಿಸಿದ ಮಂದಿ ಅದನ್ನ ಠರಾವು ಮಾಡತಾರ, ಮಾಡೂಕಿಂತ ಮೊದಲ ನಿಮ್ಮನ್ನ ಕರೀತಾರ. ಕರದಾಗ ಹೋಗ್ರಿ. ಕುರ್ಚಿ ಖಾಲಿ ಇರತಾವು, ಕುಂದರ್ರಿ. ಹಲಗಿ ಮ್ಯಾಲೆ ಬರದದ್ದು ತಿಳಿಲಿಲ್ಲಂದ್ರ ಕೇಳ್ರಿ. ದರ ಜಾಸ್ತಿ ಅನಿಸಿದರ ಬರದು ಕೊಡ್ರಿ. ವರ್ಷದ ಮೊದಲನೇ ತಿಂಗಳಾಗ ತುಂಬಿದರ ರಿಯಾಯ್ತಿ ಸಿಗತೈತಿ, ಅದನ್ನ ಬಿಡಬ್ಯಾಡ್ರಿ. ಮತ್ತ ನಮೂನಿ ತುಂಬೂವಾಗ ಚಹಾದಂಗಡ್ಯಾಗ ಕುಂದರಬ್ಯಾಡ್ರಿ. ಮನಿಯಾಗ ಕುಂತು, ಟೇಪ್ ಹಿಡಿದು, ಇದ್ದಷ್ಟ ಬರೀರಿ. ನಂದು ಹದಿನೆಂಟು ಅಡಿ. ನಿಮ್ದು ಎಷ್ಟು?"